ಡಬ್ಬಿ ಬಂತು, ಮಾಡಿದವರು ಬರಲಿಲ್ಲ

ವೀಕ್ಷಕರೇ, ಹಾವೇರಿ ಜಿಲ್ಲೆಯ ನಕ್ಷೆಯನ್ನ ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು. ನಮ್ಮ ಕ್ಯಾಮೆರಾಗಳು ಚುನಾವಣೆಗೆ ಒಂದು ಸಲ, ಬೆಳೆ ಹಾಳಾದಾಗ ಇನ್ನೊಂದು ಸಲ ಹೋಗಿ ಬರುವ ಊರುಗಳಿವು. ಇವತ್ತು ರಾಜಕೀಯ ಬೇಡ. ಸಿನಿಮಾ ಮಾತಾಡೋಣ. ಈ ನಾಲ್ಕು ತಾಲ್ಲೂಕು ಕನ್ನಡ ಚಿತ್ರರಂಗಕ್ಕೆ ಏನು ಕೊಟ್ಟಿವೆ ಅಂತ ಯಾವತ್ತಾದರೂ ಲೆಕ್ಕ ಹಾಕಿದ್ದೀರಾ?

ಶಿಗ್ಗಾವಿ ತಾಲ್ಲೂಕಿನ ಬಾಡ, ಕನಕದಾಸರ ಊರು. 1960ರಲ್ಲಿ 'ಭಕ್ತ ಕನಕದಾಸ' ಬಂತು, ರಾಜಕುಮಾರ್ ಕನಕನಾದರು. ಅದೇ ತಾಲ್ಲೂಕಿನ ಶಿಶುವಿನಹಾಳದ ಶರೀಫರ ಮೇಲೆ ನಾಗಾಭರಣ 1990ರಲ್ಲಿ ಸಿನಿಮಾ ಮಾಡಿದರು, ರಾಷ್ಟ್ರೀಯ ಭಾವೈಕ್ಯಕ್ಕೆ ಕೊಡುವ ನರ್ಗಿಸ್ ದತ್ ಪ್ರಶಸ್ತಿ ಬಂತು. ಹಿರೇಕೆರೂರು ಸೀಮೆಯವರಿಗೆ ಸರ್ವಜ್ಞ ತಮ್ಮವನು. ಅಬಲೂರಿನವನೋ ಮಾಸೂರಿನವನೋ ಅನ್ನೋ ಜಗಳ ಇದ್ದದ್ದೇ, ಅದು ಮನೆಯೊಳಗಿನ ಜಗಳ ಬಿಡಿ. 1965ರಲ್ಲಿ 'ಸರ್ವಜ್ಞ ಮೂರ್ತಿ' ತೆರೆಗೆ ಬಂತು. ಹಾನಗಲ್ ತಾಲ್ಲೂಕಿನಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳ ಮೇಲಿನ ಚಿತ್ರಕ್ಕೆ 1995ರ ಸಾಲಿನಲ್ಲಿ ಹಂಸಲೇಖ ಅವರಿಗೂ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರಪ್ರಶಸ್ತಿ ಸಿಕ್ಕಿತು. ಸವಣೂರು? ಅದು ವಿ.ಕೃ. ಗೋಕಾಕರನ್ನ ಕೊಟ್ಟಿತು. ಅವರು ಬರೆದ ವರದಿಗಾಗಿಯೇ 1982ರಲ್ಲಿ ರಾಜಕುಮಾರ್ ಮೇಕಪ್ ತೆಗೆದಿಟ್ಟು ಬೀದಿಗೆ ಇಳಿದದ್ದು.

ಹೀಗೆ ನಾಲ್ಕೂ ತಾಲ್ಲೂಕು ಕೊಟ್ಟವು. ತಿರುಗಿ ಏನು ಬಂತು? ಡಬ್ಬಿ ಬಂತು. ತಗಡಿನ ಡಬ್ಬಿಯಲ್ಲಿ ರೀಲು ಬಂತು, ಆಮೇಲೆ ಹಾರ್ಡ್ ಡಿಸ್ಕ್ ಬಂತು, ಈಗ ಮೊಬೈಲಿಗೇ ಬರುತ್ತೆ. ಸಿನಿಮಾ ವ್ಯವಹಾರವೇ ಹಾಗೆ. ಮಾಡಿದವನಿಗೂ ನೋಡುವವನಿಗೂ ನಡುವೆ ಹಂಚಿಕೆದಾರ, ಥಿಯೇಟರ್ ಮಾಲೀಕ, ಗೇಟ್‌ಕೀಪರ್ ಎಲ್ಲರೂ ಇರ್ತಾರೆ. ಮಾಡಿದವನು ಮಾತ್ರ ಎದುರಿಗೆ ಇರಲ್ಲ.

ಆದರೆ ಈ ಸೀಮೆಯ ಜನಕ್ಕೆ ಮಾಡಿದವನನ್ನ ಎದುರಿಗೆ ಕೂರಿಸಿಕೊಂಡೇ ಅಭ್ಯಾಸ, ಸ್ವಾಮಿ. ದೊಡ್ಡಾಟ ಅಂದ್ರೆ ಬೆಳಗಾಗುವವರೆಗೆ. ಕಂಪನಿ ನಾಟಕ ಅಂದ್ರೆ ಹಾಡು ಹಿಡಿಸಿದ್ರೆ 'ಒನ್ಸ್ ಮೋರ್', ನಟ ಮತ್ತೆ ಹಾಡಲೇಬೇಕು. ಹಾನಗಲ್ ತಾಲ್ಲೂಕಿನವರೇ ಆದ ಪುಟ್ಟರಾಜ ಗವಾಯಿಗಳು, ಕಣ್ಣಿಲ್ಲದವರು, ಆಶ್ರಮದ ಮಕ್ಕಳ ಅನ್ನಕ್ಕಾಗಿ ನಾಟಕ ಬರೆದರು, ಕಂಪನಿ ನಡೆಸಿದರು. ಪ್ರೇಕ್ಷಕ ಒಪ್ಪಿದನೋ ಇಲ್ಲವೋ ಅಂತ ಅವರಿಗೆ ಚಪ್ಪಾಳೆಯ ಸದ್ದಿನಲ್ಲೇ ಗೊತ್ತಾಗುತ್ತಿತ್ತು. ನಮ್ಮ ಟಿವಿ ಭಾಷೆಯಲ್ಲಿ 'ಲೈವ್' ಅಂದ್ರೆ ಓಬಿ ವ್ಯಾನು. ಆ ಜನರ ಲೈವ್ ಬೇರೆಯದು.

ಸಿನಿಮಾ ಮಾಡಿದವನೇ ಸಿನಿಮಾ ಹೊತ್ತುಕೊಂಡು ಬಂದದ್ದು ಇದೆಯಾ? ಇದೆ. ಶುರುವಾದದ್ದೇ ಹಾಗೆ. 1913ರ ಮೇ 3ರಂದು ಮುಂಬೈನ ಕೊರೊನೇಷನ್ ಥಿಯೇಟರಿನಲ್ಲಿ 'ರಾಜಾ ಹರಿಶ್ಚಂದ್ರ' ತೋರಿಸಿದ ದಾದಾಸಾಹೇಬ್ ಫಾಲ್ಕೆ ಇವತ್ತಿನ ಮಾತಲ್ಲಿ ಪಕ್ಕಾ ಇಂಡಿಪೆಂಡೆಂಟ್ ಫಿಲ್ಮ್ ಮೇಕರ್. ವಿಮೆ ಪಾಲಿಸಿ ಅಡ ಇಟ್ಟು ದುಡ್ಡು ತಂದ ಮನುಷ್ಯ. ಆಮೇಲೆ ಪ್ರೊಜೆಕ್ಟರನ್ನ ಎತ್ತಿನ ಗಾಡಿಗೆ ಹಾಕಿಕೊಂಡು ಹಳ್ಳಿ ತಿರುಗಿದರು. ಹಿಂತಿರುಗುವಾಗ ಗಾಡಿ ತುಂಬಾ ಚಿಲ್ಲರೆ ಕಾಸು ಇರ್ತಿತ್ತು ಅಂತ ಹೇಳ್ತಾರೆ. ಆಗ ಹಾನಗಲ್ ಇದ್ದದ್ದು ಧಾರವಾಡ ಜಿಲ್ಲೆಯಲ್ಲಿ, ಧಾರವಾಡ ಇದ್ದದ್ದು ಮುಂಬೈ ಪ್ರಾಂತ್ಯದಲ್ಲಿ. ಸವಣೂರಿನಲ್ಲಿ ನವಾಬರ ಆಳ್ವಿಕೆ. ಮೂಕಿ ಚಿತ್ರದ ಕಾಲದಲ್ಲಿ ತೆರೆಯ ಮೇಲಿನ ಅಕ್ಷರ ಓದಿ ಹೇಳೋಕೆ ಒಬ್ಬ ನಿಂತಿರ್ತಿದ್ದ. ಸಿನಿಮಾ ಮೂಕಿ, ಪ್ರದರ್ಶನ ಮೂಕಿ ಅಲ್ಲ.

ಕನ್ನಡದಲ್ಲೂ ಒಬ್ಬರು ಆ ಕಾಲಕ್ಕೇ ಸ್ವಂತ ದಾರಿ ಹಿಡಿದಿದ್ದರು. ಯಾರು ಗೊತ್ತಾ? ಕೋಟ ಶಿವರಾಮ ಕಾರಂತರು. 1930ರ ಆಸುಪಾಸಿನಲ್ಲಿ 'ಡೊಮಿಂಗೊ', 'ಭೂತರಾಜ್ಯ' ಅಂತ ಎರಡು ಮೂಕಿ ಚಿತ್ರ ಮಾಡಿದರು. ಎರಡೂ ಇವತ್ತು ಉಳಿದಿಲ್ಲ. ಕಾರಂತರ ಕಾದಂಬರಿ ನಮ್ಮ ಮನೆಯಲ್ಲಿವೆ, ಅವರ ಸಿನಿಮಾವನ್ನ ನೋಡಿದವರೇ ಈಗ ಸಿಗಲ್ಲ. ಈ ಕಾರಂತರ ಹೆಸರಿನ ರಂಗಮಂದಿರವೊಂದು 1972ರಲ್ಲಿ ಒಂದು ಹಳ್ಳಿಯಲ್ಲಿ ಎದ್ದಿತು. ಸಾಗರ ತಾಲ್ಲೂಕಿನ ಹೆಗ್ಗೋಡು. ಹಿರೇಕೆರೂರಿನ ಗಡಿ ದಾಟಿದರೆ ಶಿಕಾರಿಪುರ, ಸೊರಬ, ಅದರಾಚೆ ಸಾಗರ. ಅಷ್ಟೇ ದೂರ.

ಹೆಗ್ಗೋಡಿನ ಕಥೆಯನ್ನ ಸ್ವಲ್ಪ ನಿಧಾನವಾಗಿ ಹೇಳಬೇಕು. ಅಡಿಕೆ ತೋಟದ ಕೆ.ವಿ. ಸುಬ್ಬಣ್ಣ, 1949ರಿಂದ ಇದ್ದ ಊರಿನ ನಾಟಕದ ಸಂಘಕ್ಕೆ 1973ರಲ್ಲಿ ಚಿತ್ರಸಮಾಜ ಸೇರಿಸಿದರು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಪ್ರೊಫೆಸರ್ ಸತೀಶ್ ಬಹಾದೂರ್ ಆ ಹಳ್ಳಿಗೆ ಬಂದು ಸಿನಿಮಾ ನೋಡೋದು ಹೇಗೆ ಅಂತ ಶಿಬಿರ ನಡೆಸಿದರು. 'ಪಥೇರ್ ಪಾಂಚಾಲಿ', 'ಬೈಸಿಕಲ್ ಥೀವ್ಸ್', 'ರಾಶೊಮನ್'. ಕೊಟ್ಟಿಗೆ ಕೆಲಸ ಮುಗಿಸಿ ಬಂದವರು ಜಪಾನಿನ ಸಿನಿಮಾ ನೋಡಿದರು. ಅರ್ಥವಾಗುತ್ತಾ ಅಂತ ಪೇಟೆಯವರು ನಕ್ಕಿರಬಹುದು. ಸೈಕಲ್ ಕಳೆದುಕೊಂಡವನ ಕಷ್ಟ ಅರ್ಥವಾಗೋಕೆ ಇಟಾಲಿಯನ್ ಭಾಷೆ ಯಾಕೆ ಬೇಕು ಹೇಳಿ!

ಒಂದು ತಾಂತ್ರಿಕ ವಿಷಯ. ಇಂಥ ಕಡೆ ಓಡುತ್ತಿದ್ದದ್ದು 16 ಎಂ.ಎಂ. ಪ್ರೊಜೆಕ್ಟರ್. 1600 ಅಡಿಯ ದೊಡ್ಡ ರೀಲು ಹಾಕಿದರೂ 44 ನಿಮಿಷಕ್ಕೆ ಮುಗೀತು. ಇರೋದು ಒಂದೇ ಪ್ರೊಜೆಕ್ಟರ್ ಆದ್ರೆ ನಿಲ್ಲಿಸಬೇಕು, ಬಿಚ್ಚಬೇಕು, ಹೊಸದು ಸುತ್ತಬೇಕು. ಆ ಹೊತ್ತಿನಲ್ಲಿ ಜನ ಸುಮ್ಮನೆ ಕೂರ್ತಾರಾ? ಮಾತಾಡ್ತಾರೆ. ಕಥೆ ಎಲ್ಲಿಗೆ ಹೋಗುತ್ತೆ ಅಂತ ವಾದ ಮಾಡ್ತಾರೆ. ಮಲ್ಟಿಪ್ಲೆಕ್ಸಿನ ಇಂಟರ್ವಲ್‌ನಲ್ಲಿ ನಾವು ಪಾಪ್‌ಕಾರ್ನ್ ಕ್ಯೂ ನಿಲ್ತೀವಿ.

ಇನ್ನು ಹೆಗ್ಗೋಡಿಗೆ ಮಾಡಿದವರೂ ಬಂದರು. ಸುಬ್ಬಣ್ಣನವರ ಸೋದರಳಿಯ ಗಿರೀಶ್ ಕಾಸರವಳ್ಳಿ. 1977ರ 'ಘಟಶ್ರಾದ್ಧ'ಕ್ಕೆ ಸ್ವರ್ಣಕಮಲ ಪಡೆದ ನಿರ್ದೇಶಕ. ವರ್ಷ ವರ್ಷ ಆ ಶಿಬಿರಗಳಿಗೆ ಹೋಗಿ, ಈ ಶಾಟ್ ಯಾಕೆ ಹೀಗಿದೆ ಅಂತ ವಿವರಿಸಿದರು, ಪ್ರಶ್ನೆಗಳಿಗೆ ಉತ್ತರ ಕೊಟ್ಟರು. ಪ್ರಶಸ್ತಿ ಸಮಿತಿಯನ್ನ ಒಪ್ಪಿಸೋದು ಬೇರೆ, ಮುಂದಿನ ಸಾಲಿನಲ್ಲಿ ಕೂತ ತೋಟದ ಕೆಲಸದವನ 'ಅಲ್ಲ, ಅದ್ಯಾಕೆ ಹಾಗೆ?' ಅನ್ನೋ ಪ್ರಶ್ನೆಗೆ ಉತ್ತರ ಕೊಡೋದು ಬೇರೆ. 1983ರಿಂದ ಎರಡು ವರ್ಷ 'ಜನಸ್ಪಂದನ' ಅಂತ ಯೋಜನೆ ಮಾಡಿ ನೀನಾಸಂ ಈ ಸಿನಿಮಾ ಮತ್ತು ನಾಟಕದ ಶಿಬಿರಗಳನ್ನ ರಾಜ್ಯದ ಬೇರೆ ಹಳ್ಳಿಗಳಿಗೂ ಒಯ್ದಿತು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ. ಪ್ರಶಸ್ತಿಯ ಸುದ್ದಿ ನಮಗೆ ನೆನಪಿದೆ, ಮಾದರಿ ಮರೆತುಹೋಗಿದೆ.

ಇದು ಮಲೆನಾಡಿನ ಕಥೆ. ಉತ್ತರಕ್ಕೆ ಬನ್ನಿ, ನಿಪ್ಪಾಣಿಗೆ. 1980ರಲ್ಲಿ ದೀಪಾ ಧನರಾಜ್ ಮತ್ತು ಮೂವರು ಜೊತೆಗಾರರು 'ಯುಗಾಂತರ್' ಅಂತ ತಂಡ ಕಟ್ಟಿದರು. ನಿಪ್ಪಾಣಿಯ ತಂಬಾಕು ವಖಾರಗಳಲ್ಲಿ ದುಡಿಯುವ ಹೆಣ್ಣುಮಕ್ಕಳು ಸಂಘ ಕಟ್ಟಿ ಮುಷ್ಕರ ಹೂಡಿದ ಕಾಲ. ತಂಬಾಕಿನ ಘಾಟು, ಧೂಳು, ಕೆಮ್ಮು, ಕೂಲಿಯಲ್ಲಿ ಮೋಸ. ತಂಡ ಆ ಹೆಂಗಸರ ಜೊತೆ ನಾಲ್ಕು ತಿಂಗಳು ಇದ್ದು, ಅವರ ಮಾತು ಕೇಳಿ, ವಖಾರದ ಒಳಗೂ ಕ್ಯಾಮೆರಾ ಒಯ್ದು, 1982ರಲ್ಲಿ 'ತಂಬಾಕು ಚಾಕಿಲಾ ಊಬ್ ಆಲಿ' ಅನ್ನೋ ಮರಾಠಿ ಸಾಕ್ಷ್ಯಚಿತ್ರ ಮಾಡಿತು. ಅರ್ಧ ಗಂಟೆಯೂ ಇಲ್ಲ. ಯಾವ ಟಾಕೀಸಿಗೂ ಹೋಗಲಿಲ್ಲ. ಯುಗಾಂತರ್‌ನ ಚಿತ್ರಗಳು ಹೋದದ್ದು ಕಾರ್ಮಿಕರ ಸಭೆಗೆ, ಮಹಿಳಾ ಸಂಘಗಳಿಗೆ. ತೋರಿಸಿದ ಮೇಲೆ ಲೈಟ್ ಹಾಕಿ ಮಾತು. ಒಂದು ಊರಿನ ಹೆಂಗಸರು ಏನು ಮಾಡಿದರು ಅಂತ ಇನ್ನೊಂದು ಊರಿನ ಹೆಂಗಸರು ನೋಡಿದರು. ದಶಕಗಳ ನಂತರ ಈ ಚಿತ್ರಗಳನ್ನ ಕಾಪಾಡಿ ಡಿಜಿಟಲ್ ಮಾಡಿದ್ದು ಎಲ್ಲಿ ಅಂದುಕೊಂಡಿರಿ? ಬೆಂಗಳೂರಲ್ಲಲ್ಲ. ಬರ್ಲಿನ್ನಿನ ಆರ್ಸೆನಲ್ ಸಂಸ್ಥೆ. ನಿಪ್ಪಾಣಿಯ ಕೆಮ್ಮು ಜರ್ಮನಿಯವರಿಗೆ ಕೇಳಿಸಿತು.

ಕೇರಳದಲ್ಲಿ ಜಾನ್ ಅಬ್ರಹಾಂ 1984ರಲ್ಲಿ ಒಡೆಸ್ಸಾ ಅಂತ ಕೂಟ ಕಟ್ಟಿ, ಹಳ್ಳಿ ಹಳ್ಳಿಯಲ್ಲಿ ಸಿನಿಮಾ ತೋರಿಸಿ, ಜನರಿಂದ ಪುಡಿಗಾಸು ಎತ್ತಿ 'ಅಮ್ಮ ಅರಿಯಾನ್' ಮಾಡಿದ್ದು ನಿಮಗೆ ಗೊತ್ತಿರಬಹುದು. ನಮ್ಮಲ್ಲೂ 2013ರ 'ಲೂಸಿಯಾ'ಕ್ಕೆ ಪವನ್ ಕುಮಾರ್ ಜನರಿಂದಲೇ ಅರ್ಧ ಕೋಟಿಯಷ್ಟು ದುಡ್ಡು ಎತ್ತಿದರು. ಅದು ಇಂಟರ್ನೆಟ್ಟಿನ ಜನ. ಹಾನಗಲ್ಲಿನ ಸಂತೆಯ ಜನ ಅಲ್ಲ.

ಈಗ ನಮ್ಮ ಕಾಲಕ್ಕೆ ಬರ್ತೀನಿ, ನನ್ನ ಮೇಲೇ ಆರೋಪ ಹೊರಿಸಿಕೊಳ್ತೀನಿ. 2021ರಲ್ಲಿ ಹಾನಗಲ್ಲಿನ ಪಕ್ಕದ ಉತ್ತರ ಕನ್ನಡದಿಂದ ನಟೇಶ್ ಹೆಗಡೆಯವರ 'ಪೆಡ್ರೊ' ಬೂಸಾನ್ ಚಿತ್ರೋತ್ಸವಕ್ಕೆ ಹೋಯ್ತು. ಮರುವರ್ಷ ಜೈಶಂಕರ್ ಆರ್ಯರ್ ಅವರ 'ಶಿವಮ್ಮ ಯರೇಹಂಚಿನಾಳ' ಅದೇ ಬೂಸಾನಿನಲ್ಲಿ ನ್ಯೂ ಕರೆಂಟ್ಸ್ ಪ್ರಶಸ್ತಿ ಗೆದ್ದಿತು. ಕೊಪ್ಪಳ ಜಿಲ್ಲೆಯ ಹಳ್ಳಿ, ಊರವರೇ ನಟರು, ನೆಟ್‌ವರ್ಕ್ ಮಾರ್ಕೆಟಿಂಗಿನ ಪುಡಿ ಮಾರೋಕೆ ಹೊರಟ ಬಿಸಿಯೂಟದ ಅಡುಗೆಯಾಕೆ ಕಥಾನಾಯಕಿ. ಇಂಥ ಹೆಣ್ಣುಮಗಳು ಹಿರೇಕೆರೂರಿನಲ್ಲೂ ಇದ್ದಾಳೆ, ಸವಣೂರಿನಲ್ಲೂ ಇದ್ದಾಳೆ. ಬೂಸಾನಿನಲ್ಲಿ ಗೆದ್ದ ಸಿನಿಮಾ ನಮ್ಮ ಥಿಯೇಟರಿಗೆ ಬರೋಕೆ 2024ರ ಜೂನ್ ಆಯ್ತು. ಒಬ್ಬ ನಟನ ಮದುವೆಗೆ ಮೂರು ದಿನ ಕೊಡುವ ನಾವು, ಟಿವಿಯವರು, ಇಂಥದ್ದಕ್ಕೆ ಕೊಡೋದು ಪರದೆಯ ಕೆಳಗೆ ಓಡುವ ಒಂದು ಸಾಲು. ಟಿಆರ್‌ಪಿ ಬರಲ್ಲ ಅಂತೀವಿ. ತೋರಿಸಿ ನೋಡಿದ್ದೀವಾ?

ಸರ್ಕಾರದ್ದೂ ಇದೆ. ಗುಣಾತ್ಮಕ ಚಿತ್ರಗಳಿಗೆ ಪ್ರತಿ ವರ್ಷ ಸಹಾಯಧನ ಕೊಡುತ್ತೆ, ಅದು ನಿಮ್ಮ ತೆರಿಗೆ. ಹಾಗೆ ನೆರವು ಪಡೆದ ಸಿನಿಮಾದ ಹೆಸರುಗಳನ್ನ ಶಿಗ್ಗಾವಿ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಕೇಳಿ, ಎಷ್ಟು ಜನ ಒಂದನ್ನಾದರೂ ಹೇಳ್ತಾರೆ ನೋಡೋಣ. ನನ್ನ ಬೇಡಿಕೆ ಸಣ್ಣದು. ಸಹಾಯಧನ ಪಡೆದ ಪ್ರತಿ ನಿರ್ದೇಶಕರೂ ಬೆಂಗಳೂರಿನ ಹೊರಗೆ, ಜಿಲ್ಲಾ ಕೇಂದ್ರವೂ ಅಲ್ಲದ ನಾಲ್ಕು ಊರಿನಲ್ಲಿ ತಾವೇ ನಿಂತು ಸಿನಿಮಾ ತೋರಿಸಲಿ, ಮುಗಿದ ಮೇಲೆ ಒಂದು ಗಂಟೆ ಕೂರಲಿ. ಆ ಖರ್ಚನ್ನ ಸಹಾಯಧನದ ಜೊತೆಗೇ ಸೇರಿಸಿ ಕೊಡಲಿ. ಸೆನ್ಸಾರ್ ಪತ್ರ ಆಗಲೇ ಕೈಯಲ್ಲಿರುತ್ತೆ. ಈಗ ರೀಲು ಹೊರಬೇಕಿಲ್ಲ, ಲ್ಯಾಪ್‌ಟಾಪು, ಪ್ರೊಜೆಕ್ಟರು, ಬಿಳಿ ಪರದೆ, ಎರಡು ಸ್ಪೀಕರ್, ಕರೆಂಟ್ ಕೈಕೊಟ್ಟರೆ ಒಂದು ಜನರೇಟರ್. ಎಲ್ಲಾ ಸೇರಿ ಒಂದು ಟಾಟಾ ಏಸ್ ಗಾಡಿ ತುಂಬಲ್ಲ. ಫಾಲ್ಕೆಯವರ ಎತ್ತಿಗೆ ಇದಕ್ಕಿಂತ ಭಾರ ಇತ್ತು.

ಜಾಗ ಇಲ್ಲ ಅನ್ನಬೇಡಿ. ಹಾನಗಲ್ ತಾಲ್ಲೂಕಿನ ಶೇಷಗಿರಿ ಒಂದು ಸಣ್ಣ ಹಳ್ಳಿ. ಅಲ್ಲಿನ ಗಜಾನನ ಯುವಕ ಮಂಡಳದ ಹುಡುಗರು ನಾಟಕ ಕಟ್ಟಿ ಊರಿನ ಹೆಸರನ್ನ ರಾಜ್ಯಕ್ಕೆಲ್ಲ ಪರಿಚಯ ಮಾಡಿಸಿದ್ದಾರೆ, ಊರಿಗೆ ರಂಗಮಂದಿರವೂ ಇದೆ. ಉಳಿದ ಕಡೆ ಶಾಲೆಯ ಬಯಲಿದೆ, ಮಠದ ಅಂಗಳ ಇದೆ. ಸುಗ್ಗಿ ಮುಗಿದ ಮೇಲಿನ ಚಳಿಯ ರಾತ್ರಿಯಲ್ಲಿ ಕಂಬಳಿ ಹೊದ್ದು ಬೆಳಗಿನವರೆಗೆ ಕೂರುವ ಜನ ಇದ್ದಾರೆ.

ನಿರ್ದೇಶಕರಿಗೆ ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಸುಲಭದ ಪ್ರಶ್ನೆ ಬರಲ್ಲ. ಬೂಸಾನಿನಲ್ಲಿ ಬೆಳಕಿನ ಬಗ್ಗೆ ಕೇಳಿರ್ತಾರೆ. ಇಲ್ಲಿ ಹಿಂದಿನ ಸಾಲಿನಿಂದ ಒಬ್ಬ ಅಜ್ಜ ಏಳ್ತಾನೆ: "ಅಲ್ರೀ ಸರ, ಹಳ್ಳಿ ಮಂದಿ ಅಂದ್ರ ಬರೇ ಅಳೂದು, ಕುಡಿಯೂದು, ಇಷ್ಟ ತೋರ್ಸೀರಿ. ನಾವು ನಗೂದು ನಿಮಗೆಲ್ಲೂ ಕಾಣ್ಸಲೇ ಇಲ್ಲೇನು?" ಅಂತಾನೆ. ಆಗ ಪಕ್ಕದಲ್ಲಿ ಹಂಚಿಕೆದಾರನೂ ಇರಲ್ಲ, ಪಿಆರ್‌ಓ ಕೂಡ ಇರಲ್ಲ. ಮೈಕು ನಿಮ್ಮ ಕೈಯಲ್ಲೇ ಇರುತ್ತೆ.