ಫಲಕಕ್ಕಾಗಿ ಹುಟ್ಟಿ ಪುಸ್ತಕವಾಗಿ ಬೆಳೆದ ಕಾಗದ

ಜೂನ್ ತಿಂಗಳ ನಡುಹಗಲಿನಲ್ಲಿ ದೋಹಾದ ಯಾವುದೇ ಹೆದ್ದಾರಿಯ ಬದಿಯ ಎಲ್‌ಇಡಿ ಜಾಹೀರಾತು ಫಲಕವನ್ನು ಗಮನಿಸಿ ನೋಡಿದರೆ ಒಂದು ವಿಚಿತ್ರ ಸೆಣಸಾಟ ಕಾಣುತ್ತದೆ. ನೆತ್ತಿಯ ಮೇಲಿನ ಸೂರ್ಯನನ್ನು ಮೀರಿ ಹೊಳೆಯಬೇಕೆಂದು ಆ ಫಲಕ ತನ್ನೆಲ್ಲ ವಿದ್ಯುತ್ತನ್ನು ಉರಿಸುತ್ತಿರುತ್ತದೆ. ಆ ಉರಿಯಿಂದ ತಾನೇ ಕಾದು ಹೋಗದಂತೆ ತಂಪು ಮಾಡಿಕೊಳ್ಳಲು ಮತ್ತಷ್ಟು ವಿದ್ಯುತ್ತು ಬೇಕಾಗುತ್ತದೆ. ಅದೇ ಬೆಳಕಿನಲ್ಲಿ, ಪಕ್ಕದ ಗೋಡೆಗೆ ಅಂಟಿಸಿದ ಬಡ ಕಾಗದದ ಚೀಟಿ ಯಾವ ಖರ್ಚೂ ಇಲ್ಲದೆ ಸ್ಪಷ್ಟವಾಗಿ ಓದಿಸಿಕೊಳ್ಳುತ್ತದೆ. ಬಿಸಿಲು ಹೆಚ್ಚಾದಷ್ಟೂ ಕಾಗದಕ್ಕೆ ಲಾಭವೇ. ಕಾಗದದ ಈ ಗುಣವನ್ನು ಉಳಿಸಿಕೊಂಡು, ಬರಹವನ್ನು ಮಾತ್ರ ಬೇಕೆಂದಾಗ ಬದಲಿಸಬಲ್ಲ ಫಲಕವೊಂದನ್ನು ಮಾಡಬಹುದೇ ಎಂಬ ಪ್ರಶ್ನೆಗೆ ಅರ್ಧ ಶತಮಾನದ ಇತಿಹಾಸವಿದೆ.

ಇದನ್ನು ಇ-ಪೇಪರ್ ಎಂದು ಕರೆಯುತ್ತಾರೆ. ಆದರೆ ಕನ್ನಡಿಗರಾದ ನಮಗೆ ಇ-ಪೇಪರ್ ಎಂದರೆ ಬೆಳಗಿನ ಕಾಫಿಯೊಡನೆ ಮೊಬೈಲಿನಲ್ಲಿ ತೆರೆಯುವ ಊರಿನ ದಿನಪತ್ರಿಕೆ. ಗೊಂದಲ ಬೇಡವೆಂದು ಇಲ್ಲಿ ವಿದ್ಯುನ್ಮಾನ ಕಾಗದ ಎಂದೇ ಬರೆಯುತ್ತೇನೆ.

ಇದರ ಮೂಲತತ್ತ್ವ ವೈದ್ಯನಾದ ನನಗೆ ಹಳೆಯ ಪರಿಚಯದ್ದು. ಕುಡಗೋಲು ಕಣ ರೋಗವನ್ನು ಪತ್ತೆಹಚ್ಚಲು ರಕ್ತದ ಹಿಮೋಗ್ಲೋಬಿನ್ನನ್ನು ವಿದ್ಯುತ್ ಕ್ಷೇತ್ರದಲ್ಲಿಟ್ಟು ಓಡಿಸುವ ಪರೀಕ್ಷೆಯೊಂದಿದೆ. ವಿದ್ಯುದಾವೇಶವುಳ್ಳ ಕಣಗಳು ದ್ರವದೊಳಗೆ ವಿರುದ್ಧ ಧ್ರುವದತ್ತ ಸರಿಯುತ್ತವೆ. ಒಂದೊಂದು ಬಗೆಯ ಹಿಮೋಗ್ಲೋಬಿನ್ ಒಂದೊಂದು ವೇಗದಲ್ಲಿ ಸರಿಯುವುದರಿಂದ ಅವು ಬೇರೆಬೇರೆ ಪಟ್ಟಿಗಳಾಗಿ ಕಾಣುತ್ತವೆ. ಇದೇ ಎಲೆಕ್ಟ್ರೋಫೋರೆಸಿಸ್. ಈ ವಿಧಾನವನ್ನು ಪ್ರಯೋಗಶಾಲೆಯ ಸಾಧನವಾಗಿ ಬೆಳೆಸಿದ ಸ್ವೀಡನ್ನಿನ ಆರ್ನೆ ಟಿಸೆಲಿಯಸ್‌ಗೆ 1948ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಹಿಮೋಗ್ಲೋಬಿನ್ನಿನ ಬದಲು ಬಣ್ಣದ ಪುಡಿಯ ಕಣಗಳನ್ನು ದ್ರವದಲ್ಲಿ ತೇಲಬಿಟ್ಟರೆ? ಬಿಳಿಯ ಕಣಗಳು ಮೇಲೆ ಬಂದಾಗ ಬಿಳಿ, ಕೆಳಗಿಳಿದಾಗ ದ್ರವದ ಬಣ್ಣ. 1970ರ ದಶಕದ ಆರಂಭದಲ್ಲಿ ಜಪಾನಿನ ಮತ್ಸುಶಿತಾ ಕಂಪನಿಯ ಇಸಾವೊ ಓಟ ಎಂಬವರು ಇಂಥ ಪರದೆಯನ್ನು ರೂಪಿಸಿದರು. ಅದು ಬಾಳಲಿಲ್ಲ. ಕಣಗಳು ಒಂದಕ್ಕೊಂದು ಅಂಟಿ ಗುಂಪಾಗುತ್ತಿದ್ದವು, ಔಷಧದ ಬಾಟಲಿಯ ಮಡ್ಡಿಯಂತೆ ತಳಕ್ಕೆ ಇಳಿದುಬಿಡುತ್ತಿದ್ದವು. ‘ಬಳಸುವ ಮುನ್ನ ಚೆನ್ನಾಗಿ ಅಲುಗಾಡಿಸಿ’ ಎಂದು ಅಂಗಡಿ ಫಲಕದ ಮೇಲೆ ಬರೆಯಲಾಗುವುದಿಲ್ಲವಷ್ಟೆ.

ಅದೇ ದಶಕದಲ್ಲಿ ಅಮೆರಿಕದ ಝೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ನಿಕ್ ಶೆರಿಡನ್ ಬೇರೆ ದಾರಿ ಹಿಡಿದರು. ಅರ್ಧ ಕಪ್ಪು, ಅರ್ಧ ಬಿಳುಪಾದ ಸೂಕ್ಷ್ಮ ಗೋಲಿಗಳು ವಿದ್ಯುತ್ತಿಗೆ ತಕ್ಕಂತೆ ಹೊರಳುವ ಹಾಳೆ ಅವರದು, ಹೆಸರು ಗೈರಿಕಾನ್. ಇದೇ ಹೆಸರಿನ ಕಂಪನಿ ಮುಂದೆ ಅಂಗಡಿಗಳಿಗೆ ಫಲಕಗಳನ್ನು ಮಾರಲು ಯತ್ನಿಸಿ 2005ರಲ್ಲಿ ಬಾಗಿಲು ಹಾಕಿತು.

ಮಡ್ಡಿಯ ತೊಡಕನ್ನು ಬಿಡಿಸಿದ್ದು ಎಂಐಟಿಯಲ್ಲಿ ಜೋಸೆಫ್ ಜೇಕಬ್‌ಸನ್ ಮತ್ತು ಅವರ ವಿದ್ಯಾರ್ಥಿಗಳಾದ ಬ್ಯಾರೆಟ್ ಕೊಮಿಸ್ಕಿ, ಜೆ. ಡಿ. ಆಲ್ಬರ್ಟ್. ಅವರು ದ್ರವವನ್ನೂ ಕಣಗಳನ್ನೂ ಕೂದಲೆಳೆಯ ದಪ್ಪದ ಪುಟ್ಟ ಗುಳಿಗೆಗಳೊಳಗೆ ತುಂಬಿದರು. ಕಣಗಳು ತಮ್ಮ ಗುಳಿಗೆಯನ್ನು ಬಿಟ್ಟು ಆಚೆ ಹೋಗಲಾರವು. ಹೀಗಾಗಿ ಇಡೀ ಪರದೆಯ ಕಣಗಳು ಒಂದೆಡೆ ಜಮಾಯಿಸುವ ಭಯವಿಲ್ಲ. ಒಳಗಿನ ಬಿಳುಪು ಟೈಟಾನಿಯಂ ಡೈಆಕ್ಸೈಡ್. ನಮ್ಮ ಮನೆಯ ಗೋಡೆಗೆ ಬಳಿಯುವ ಬಿಳಿ ಬಣ್ಣದಲ್ಲಿರುವುದೂ ಅದೇ. 1997ರಲ್ಲಿ ಇ ಇಂಕ್ ಎಂಬ ಕಂಪನಿ ಸ್ಥಾಪನೆಯಾಯಿತು. ಮರುವರ್ಷ ಈ ಸಂಶೋಧನೆ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಹೆಚ್ಚಿನವರು ಮರೆತಿರುವ ಸಂಗತಿಯೊಂದು ಇಲ್ಲಿದೆ. ಇ ಇಂಕ್‌ನ ಮೊದಲ ಸರಕು ಓದುವ ಸಾಧನವಲ್ಲ, ಅಂಗಡಿಯ ಫಲಕ. 1999ರಲ್ಲಿ ‘ಇಮ್ಮೀಡಿಯಾ’ ಎಂಬ ದೊಡ್ಡ ಫಲಕಗಳನ್ನು ಅಮೆರಿಕದ ಜೆಸಿ ಪೆನ್ನಿ ಮಳಿಗೆಯಲ್ಲಿ ತೂಗುಹಾಕಲಾಯಿತು. ದೂರದಿಂದಲೇ ನಿಸ್ತಂತುವಾಗಿ ಅಕ್ಷರಗಳನ್ನು ಬದಲಿಸಬಹುದೆಂಬುದು ಆಗಿನ ಕಾಲಕ್ಕೆ ಸೋಜಿಗವೇ ಸರಿ. ಆದರೆ ಅಕ್ಷರಗಳು ಒರಟು, ಬಣ್ಣಗಳು ಎರಡೇ. ಸೀರೆಯನ್ನೋ ಹಣ್ಣನ್ನೋ ಮಾರಬೇಕಾದವನಿಗೆ ಬಣ್ಣವಿಲ್ಲದ ಫಲಕದಿಂದ ಏನು ಪ್ರಯೋಜನ? ವ್ಯಾಪಾರ ಕುದುರಲಿಲ್ಲ. ಕಂಪನಿ ಪುಸ್ತಕದತ್ತ ಹೊರಳಿತು. ಪುಸ್ತಕಕ್ಕೆ ಕಪ್ಪು ಬಿಳುಪೇ ಸಾಕಲ್ಲವೇ. 2004ರಲ್ಲಿ ಜಪಾನಿನಲ್ಲಿ ಸೋನಿಯ ಲಿಬ್ರಿಯೆ, 2007ರಲ್ಲಿ ಅಮೆಜಾನಿನ ಕಿಂಡಲ್. 2009ರಲ್ಲಿ ತೈವಾನಿನ ಪ್ರೈಮ್ ವ್ಯೂ ಇಂಟರ್‌ನ್ಯಾಷನಲ್ ಈ ಕಂಪನಿಯನ್ನು ಕೊಂಡು, ಮುಂದೆ ಅದರ ಹೆಸರನ್ನೇ ತಾನೂ ಧರಿಸಿತು.

ಬಣ್ಣದ ಹಾದಿ ದೀರ್ಘವಾದುದು. ಮೊದಲು ಕಪ್ಪು-ಬಿಳುಪು ಹಾಳೆಯ ಮೇಲೆ ಬಣ್ಣದ ಶೋಧಕಗಳನ್ನು ಹೊದಿಸಿ ನೋಡಿದರು. ಬೆಳಕು ಶೋಧಕವನ್ನು ಎರಡು ಬಾರಿ ಹಾಯಬೇಕಾದ್ದರಿಂದ ಚಿತ್ರ ಮಂಕಾಯಿತು, ಒಗೆದು ಒಗೆದು ಬಿಳಿಚಿದ ಅಂಗಿಯಂತೆ. 2016ರಲ್ಲಿ ಪ್ರಕಟಿಸಿದ ಬೇರೊಂದು ಬಗೆಯಲ್ಲಿ ಶೋಧಕವನ್ನೇ ಕೈಬಿಟ್ಟು, ಒಂದೇ ಕೋಶದೊಳಗೆ ನಾಲ್ಕು ವರ್ಣದ ಕಣಗಳನ್ನು ಕೂಡಿಸಲಾಯಿತು. ವಿದ್ಯುತ್ತಿನ ಒತ್ತಡವನ್ನು ಹೆಚ್ಚಿಸಿ ತಗ್ಗಿಸಿ, ಯಾವ ಕಣ ಮೇಲೇರಬೇಕು, ಯಾವುದು ಅಡಗಬೇಕು ಎಂಬುದನ್ನು ನಿರ್ಧರಿಸುತ್ತಾರೆ. ಇದೇ ಧಾಟಿಯಲ್ಲಿ 2023ರಲ್ಲಿ ಬಂದ ‘ಸ್ಪೆಕ್ಟ್ರಾ 6’ ಫಲಕಗಳಿಗೆಂದೇ ಮಾಡಿದ್ದು. 2025ರಲ್ಲಿ ಸ್ಯಾಮ್‌ಸಂಗ್ 32 ಅಂಗುಲದ ಬಣ್ಣದ ಫಲಕವನ್ನು ಮಾರುಕಟ್ಟೆಗೆ ತಂದಿತು. 75 ಅಂಗುಲದವೂ ಪ್ರದರ್ಶನಗಳಲ್ಲಿ ಕಾಣಿಸಿಕೊಂಡಿವೆ. ಚಿತ್ರ ಬದಲಾಗಲು ಹತ್ತಿಪ್ಪತ್ತು ಸೆಕೆಂಡು ಹಿಡಿಯುತ್ತದೆ, ಚಲನಚಿತ್ರ ಅಸಾಧ್ಯ. ಬದಲಾದ ಮೇಲೆ ಮಾತ್ರ ವಿದ್ಯುತ್ತನ್ನು ಪೂರ್ತಿ ಕಿತ್ತರೂ ಚಿತ್ರ ಅಳಿಯದು. ಇಪ್ಪತ್ತೈದು ವರ್ಷ ಅಲೆದು, ಹೊರಟ ಅಂಗಡಿಗೇ ಮರಳಿ ಬಂದಂತಾಯಿತು.

ಕತಾರಿನಂಥ ನಾಡಿನಲ್ಲಿ ಇದಕ್ಕೆ ಎದುರಾಗುವ ಪರೀಕ್ಷೆ ಬೆಳಕಿನದಲ್ಲ, ಬಿಸಿಯದು. ನೆರಳಿನಲ್ಲೇ 45 ಡಿಗ್ರಿ ದಾಟುವ ದಿನ, ಬಿಸಿಲಿಗೊಡ್ಡಿದ ತಗಡಿನ ಪೆಟ್ಟಿಗೆಯೊಳಗಿನ ಶಾಖ ಇನ್ನೂ ಹೆಚ್ಚು. ಬಿಸಿಯೇರಿದಂತೆ ದ್ರವ ತೆಳುವಾಗುತ್ತದೆ, ಕಣಗಳ ನಡೆ ಬದಲಾಗುತ್ತದೆ, ಬಣ್ಣದ ಲೆಕ್ಕ ತಪ್ಪುತ್ತದೆ. ಬಣ್ಣ ಚೆಲುವಾಗಿರುವ ಬಗೆ ಒಳಾಂಗಣಕ್ಕೆ ಹೊಂದುವಂಥದು. 65 ಡಿಗ್ರಿಯವರೆಗೆ ತಾಳುವಂತೆ ಹೊರಾಂಗಣಕ್ಕಾಗಿ 2023ರಲ್ಲಿ ಪ್ರಕಟಿಸಿದ ಬಗೆಯಲ್ಲಿ ಮತ್ತೆ ಅದೇ ಶೋಧಕ, ಅದೇ ಮಂಕು. ಆದ್ದರಿಂದ ಇವು ಮೊದಲು ಇಲ್ಲಿನ ಮಾಲ್‌ಗಳ ತಂಪಿನೊಳಗೇ ನೆಲೆಯೂರುತ್ತವೆಂದು ನನ್ನ ಊಹೆ.

ನಮ್ಮೂರಿನ ಕಥೆ ಬೇರೆ. ಬೆಂಗಳೂರಿನ ಮೆಜೆಸ್ಟಿಕ್ಕಿನಲ್ಲಿ ಡಾ. ರಾಜಕುಮಾರರ ಎತ್ತರದ ಕಟೌಟುಗಳನ್ನು ಕೈಯಿಂದ ಬರೆದ ಕಲಾವಿದರ ತಲೆಮಾರನ್ನು ಬದಿಗೆ ಸರಿಸಿದ್ದು ಫ್ಲೆಕ್ಸ್. 2016ರಲ್ಲಿ ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ಕನ್ನು ನಿಷೇಧಿಸಿದಾಗ ಆ ಪಟ್ಟಿಯಲ್ಲಿ ಫ್ಲೆಕ್ಸೂ ಇತ್ತು. ಆದರೂ 2018ರ ಆಗಸ್ಟಿನಲ್ಲಿ ಹೈಕೋರ್ಟು ಗದರಿಸಿದ ಮೇಲೆಯೇ ಬೆಂಗಳೂರಿನ ಬೀದಿಗಳಿಂದ ಅವು ಇಳಿದದ್ದು. ಹಾಗೆ ಇಳಿಸಿದ ಪಿವಿಸಿ ಮಣ್ಣಾಗುವಂಥದಲ್ಲ. ಒಂದೇ ಫಲಕ ಸಾವಿರ ಸಲ ಬರಹ ಬದಲಿಸಿದರೆ ಆ ರಾಶಿ ಕಡಿಮೆಯಾದೀತು. ಕೈಬರಹದ ಕಲಾವಿದ ಮಾತ್ರ ಮರಳಿ ಬರಲಾರ.

ಫಲಕದ ಇನ್ನೊಂದು ಜಗಳ ಭಾಷೆಯದು. ಅಂಗಡಿ ಫಲಕದ ಶೇ 60 ಭಾಗ ಕನ್ನಡದಲ್ಲಿರಬೇಕೆಂದು ಕರ್ನಾಟಕ 2024ರಲ್ಲಿ ಕಾನೂನು ತಿದ್ದಿತು. ಕತಾರ್ ಕೂಡ 2019ರ 7ನೇ ಕಾನೂನಿನ ಮೂಲಕ ಅರಬ್ಬಿಗೆ ರಕ್ಷಣೆ ನೀಡಿದೆ, ಅದು ನ್ಯಾಯವೂ ಹೌದು. ಎರಡೂ ಕಡೆ ವಿವಾದ ಇರುವುದು ಫಲಕದ ಜಾಗ ಸೀಮಿತವಾದುದರಿಂದ. ಸರದಿಯಂತೆ ಭಾಷೆ ಬದಲಿಸಬಲ್ಲ ಫಲಕಕ್ಕೆ ಶೇಕಡಾವಾರು ಲೆಕ್ಕ ಹೇಗೆ ಅನ್ವಯಿಸುತ್ತದೆಂಬುದನ್ನು ವಕೀಲರು ಹೇಳಬೇಕು.

ನನಗೆ ಇದು ಬರೀ ಕುತೂಹಲದ ವಿಷಯವಲ್ಲ. ಕೆಲವು ವರ್ಷಗಳ ಹಿಂದೆ ಇಲ್ಲಿನ ಒಂದು ಚಿಕಿತ್ಸಾಲಯದಲ್ಲಿ, ಮಗನ ಮನೆಗೆಂದು ದಾವಣಗೆರೆಯ ಕಡೆಯಿಂದ ಬಂದಿದ್ದ ಹಿರಿಯರೊಬ್ಬರು ಹಸಿದ ಹೊಟ್ಟೆಯಲ್ಲಿ ರಕ್ತಪರೀಕ್ಷೆಗಾಗಿ ಕಾಯುತ್ತಿದ್ದರು. ಹಿಂದಿನ ದಿನ ಮಗ ತೋರಿಸಿ ಹೋಗಿದ್ದ ಬಾಗಿಲು ಅದು. ರಾತ್ರೋರಾತ್ರಿ ಕೋಣೆ ಬದಲಾಗಿತ್ತು. ಬದಲಾದುದನ್ನು ತಿಳಿಸುವ ಚೀಟಿ ಎಸಿಯ ಗಾಳಿಗೆ ಕಳಚಿ ಕುರ್ಚಿಯ ಕೆಳಗೆ ಬಿದ್ದಿತ್ತು. ಅವರು ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಬಂದಿದ್ದರು. ನಾನು ಆ ಹಾದಿಯಲ್ಲಿ ಹೋಗುವಾಗ ಅವರ ಹಣೆಯಲ್ಲಿ ಬೆವರು ಇಳಿಯುತ್ತಿತ್ತು, ಕೈ ನಡುಗುತ್ತಿತ್ತು. ಸಿಹಿ ಕುಡಿಸಿ ಚೇತರಿಸಿಕೊಂಡ ಮೇಲೆ ಅವರು ಹೇಳಿದ್ದು ಇಷ್ಟೇ: “ಬೋರ್ಡು ಇಲ್ಲೇ ಐತಲ್ಲ ಡಾಕ್ಟ್ರೇ, ಅದಕ್ಕೇ ಕುಂತಿದ್ದೆ.”

ಬಿದ್ದ ಚೀಟಿಯನ್ನು ಎತ್ತಿ ನೋಡಿದೆ. ಅದರಲ್ಲಿದ್ದುದು ಅರಬ್ಬಿ ಮತ್ತು ಇಂಗ್ಲಿಷ್. ಅದು ಕಳಚಿ ಬೀಳದಿದ್ದರೂ ಅವರು ಅಲ್ಲೇ ಕುಳಿತಿರುತ್ತಿದ್ದರು.