ಬ್ಯಾರಕ್ಕಿನ ಊರು

ಕಲ್ಯಾಣ ದಾಟಿ ಅಂಬರನಾಥದ ಕಡೆಗೆ ಲೋಕಲಿನಲ್ಲಿ ಹೋಗುವ ನಮ್ಮವರು ಉಲ್ಹಾಸನಗರವನ್ನು ಜೀನ್ಸು, ಪೀಠೋಪಕರಣಗಳ ಪೇಟೆಯೆಂದಷ್ಟೇ ಬಲ್ಲರು. ಅಲ್ಲಿಯ ವಿಳಾಸಗಳಲ್ಲಿ ಇಂದಿಗೂ ‘ಕ್ಯಾಂಪ್’, ‘ಬ್ಯಾರಕ್’ ಎಂಬ ಮಾತುಗಳೇಕೆ ಉಳಿದಿವೆಯೆಂದು ಕೇಳುವವರು ವಿರಳ.

ಎರಡನೆಯ ಮಹಾಯುದ್ಧದಲ್ಲಿ ಅದು ಸೈನಿಕರ ಬಿಡಾರ. 1947ರ ದೇಶವಿಭಜನೆಯಲ್ಲಿ ಮನೆಮಠ ತೊರೆದು ಸಿಂಧಿನಿಂದ ಬಂದ ಸುಮಾರು ಒಂದು ಲಕ್ಷ ಜನರನ್ನು ಆ ಬ್ಯಾರಕ್ಕುಗಳಲ್ಲಿಯೇ ಇಳಿಸಲಾಯಿತು. ನಡುವೆ ಒಂದು ಮರೆ ಕಟ್ಟಿದರೆ ಒಂದು ಸಂಸಾರದ ಮನೆಯಾಯಿತು! ಬಾಡಿಗೆಯ ಚಾಳಿನ ಒಂದೇ ಕೋಣೆಯಲ್ಲಿ ಬದುಕು ಹೂಡಿದ ನಮ್ಮ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1949ರ ಆಗಸ್ಟ್ 8ರಂದು ಗವರ್ನರ್ ಜನರಲ್ ರಾಜಾಜಿಯವರು ಊರಿಗೆ ಅಡಿಗಲ್ಲಿಟ್ಟರು. ಉಲ್ಹಾಸ ನದಿಯ ಹೆಸರೇ ಊರಿನದೂ ಆಯಿತು.

1954ರ ಪರಿಹಾರ ಶಾಸನದ ಬಳಿಕ ನಿರಾಶ್ರಿತರು ಬಿಡಾರಗಳ ಒಡೆಯರಾಗತೊಡಗಿದರು. ಕ್ರಮೇಣ ಬ್ಯಾರಕ್ಕಿನ ಜಾಗದಲ್ಲಿ ಅಂತಸ್ತಿನ ಮೇಲೆ ಅಂತಸ್ತು ಎದ್ದಿತು. ಎಷ್ಟೋ ಕಡೆ ಪರವಾನಗಿ ಮಾತ್ರ ಏಳಲಿಲ್ಲ. 855 ಅನಧಿಕೃತ ಕಟ್ಟಡಗಳನ್ನು ಕೆಡವಬೇಕೆಂದು ಹೈಕೋರ್ಟು ವಿಧಿಸಲು, 2006ರಲ್ಲಿ ಸರಕಾರವು ಸಕ್ರಮಗೊಳಿಸುವ ಶಾಸನ ತಂದಿತು. ಕಾಗದ ಸಕ್ರಮವಾದರೆ ಗೋಡೆ ಗಟ್ಟಿಯಾದೀತೇ? 2021ರ ಮೇ ತಿಂಗಳೊಂದರಲ್ಲೇ ಎರಡು ಕಟ್ಟಡಗಳ ಸ್ಲ್ಯಾಬು ಕುಸಿದು ಹತ್ತಕ್ಕೂ ಹೆಚ್ಚು ಜನ ಮಡಿದರು.

ಅಗ್ಗಕ್ಕೆ ಬ್ಲಾಕು ಸಿಕ್ಕಿತೆಂದು ಮುಂಗಡ ಕೊಡಹೊರಟ ನಮ್ಮ ಕುಟುಂಬಗಳವರು ಜಾಗದ ಸನದನ್ನೂ ಮಂಜೂರಾದ ನಕ್ಷೆಯನ್ನೂ ಮೊದಲು ಕೇಳಿ ನೋಡಲಿ.