ಧರ್ಮಶಾಸ್ತ್ರವೂ ಕೃಪೆಯೂ: ಗುಳೇದಗುಡ್ಡದ ಕ್ರೈಸ್ತಸಭೆಯ ನಿಮಿತ್ತವಾಗಿ ಒಂದು ವಿಚಾರ

ಬಾದಾಮಿಗೆ ಸಮೀಪದ ಗುಳೇದಗುಡ್ಡವು ನೇಕಾರರ ಊರೆಂಬುದನ್ನೂ, ಇಲಕಲ್ಲಿನ ಸೀರೆಗೆ ಅಲ್ಲಿಯ ಖಣವು ಜೊತೆಯೆಂಬುದನ್ನೂ ವಾಚಕರೆಲ್ಲರೂ ಬಲ್ಲರು. ಅದೇ ಊರಿನಲ್ಲಿ ೧೮೫೧ರಲ್ಲಿ ಬಾಸೆಲ್ ಮಿಶನ್ನಿನವರು ನೆಲೆಯೂರಿದ ಸಂಗತಿಯು ಅಷ್ಟು ಪ್ರಸಿದ್ಧವಲ್ಲ. ಸ್ವಿಟ್ಜರ್ಲಂಡಿನ ಬಾಸೆಲ್ ನಗರದಲ್ಲಿ ೧೮೧೫ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯವರು ೧೮೩೪ರಲ್ಲಿ ಮಂಗಳೂರಿಗೆ ಬಂದು, ೧೮೩೭ರಲ್ಲಿ ಧಾರವಾಡವನ್ನೂ ೧೮೩೯ರಲ್ಲಿ ಹುಬ್ಬಳ್ಳಿಯನ್ನೂ ೧೮೪೧ರಲ್ಲಿ ಬೆಟಗೇರಿಯನ್ನೂ ಸೇರಿ, ಅನಂತರ ಈ ಸೀಮೆಗೆ ಬಂದರು.

ಮನುಷ್ಯನು ತನ್ನ ಸುಕೃತದಿಂದಲ್ಲ, ದೇವರ ಕೃಪೆಯಿಂದಲೇ ಉದ್ಧಾರವಾಗುವನೆಂಬುದು ಅವರ ಬೋಧೆಯ ತಿರುಳು. ಆದರೆ ಅದೇ ಸಭೆಯಲ್ಲಿ ದಶಾಜ್ಞೆಗಳ ಪಾಠವೂ, ಜಾತಿಭೇದವನ್ನು ಬಿಡಲೇಬೇಕೆಂಬ ನಿರ್ಬಂಧವೂ, ತಪ್ಪಿ ನಡೆದವರನ್ನು ಕರ್ತನ ರಾತ್ರಿಭೋಜನದಿಂದ ದೂರವಿಡುವ ಶಿಕ್ಷೆಯೂ ಇದ್ದವು. ಕೃಪೆಯು ಉಚಿತವಾದರೆ ವಿಧಿಯೇತಕ್ಕೆ? ವಿಧಿಯು ಅವಶ್ಯವಾದರೆ ಕೃಪೆಯು ಉಚಿತವೆಂತು? ಈ ಪ್ರಶ್ನೆಯು ಕ್ರೈಸ್ತಮತದಷ್ಟೇ ಹಳೆಯದು. ಕನ್ನಡ ನಾಡಿನಲ್ಲಿ ಮಾತ್ರ ಅದಕ್ಕೆ ಶಬ್ದದ ತೊಡಕೊಂದು ಹೆಚ್ಚಾಗಿ ಸೇರಿಕೊಂಡಿತು.

೧೮೧೦ರಲ್ಲಿ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸರ ಶ್ರಮದಿಂದ ೧೮೩೧ರಲ್ಲಿ ಕನ್ನಡ ಬೈಬಲು ಸಂಪೂರ್ಣವಾಯಿತು. ಮುಂದೆ ಬಾಸೆಲ್ ಮಿಶನ್ನಿನ ವೈಗ್ಲೆ, ಮೋಗ್ಲಿಂಗ್ ಮೊದಲಾದವರು ಅದರ ಪರಿಷ್ಕರಣಕ್ಕೆ ದುಡಿದರು. ಮೋಶೆಗೆ ಕೊಡಲ್ಪಟ್ಟ ಆಜ್ಞೆಗಳಿಗೆ ಹೀಬ್ರೂ ಭಾಷೆಯಲ್ಲಿ ತೋರಾ ಎಂಬ ಹೆಸರು. ಉಪದೇಶವೆಂಬುದೇ ಅದರ ಮೂಲಾರ್ಥ. ಕನ್ನಡದ ಅನುವಾದಗಳಲ್ಲಿ ಅದು ಒಂದೆಡೆ ‘ನ್ಯಾಯಪ್ರಮಾಣ’ವೆಂದೂ ಮತ್ತೊಂದೆಡೆ ‘ಧರ್ಮಶಾಸ್ತ್ರ’ವೆಂದೂ ಆಗಿದೆ. ಧರ್ಮಶಾಸ್ತ್ರವೆಂದೊಡನೆ ಈ ನಾಡಿನ ಪಂಡಿತನಿಗೆ ನೆನಪಾಗುವದು ಯಾಜ್ಞವಲ್ಕ್ಯಸ್ಮೃತಿಯೂ, ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಅದಕ್ಕೆ ರಚಿಸಿದ ಮಿತಾಕ್ಷರೆಯೂ. ಅಲ್ಲಿ ಆಚಾರ, ವ್ಯವಹಾರ, ಪ್ರಾಯಶ್ಚಿತ್ತಗಳೆಂದು ಮೂರು ಕಾಂಡಗಳು; ದೋಷಕ್ಕೆ ತಕ್ಕ ಪ್ರಾಯಶ್ಚಿತ್ತವನ್ನು ಕರ್ತೃವೇ ಮಾಡಿ ತೀರಿಸತಕ್ಕದ್ದು. ಆದುದರಿಂದ ಹೊಸ ಮತವೂ ಇಂಥದೇ ಬೇರೊಂದು ಶಾಸ್ತ್ರವೆಂದು ಕೇಳುವವರು ಎಣಿಸಿದ್ದರೆ ಅದು ಅಸಹಜವಲ್ಲ.

ಪೌಲನ ಅಭಿಪ್ರಾಯವಾದರೋ ಬೇರೆ. ಗಲಾತ್ಯದವರಿಗೆ ಬರೆದ ಪತ್ರಿಕೆಯಲ್ಲಿ ಆತನು ಧರ್ಮಶಾಸ್ತ್ರವನ್ನು ಮಕ್ಕಳ ಮೇಲ್ವಿಚಾರಕನಿಗೆ ಹೋಲಿಸಿರುವನು. ಗ್ರೀಕರ ಶ್ರೀಮಂತ ಮನೆಗಳಲ್ಲಿ ಹುಡುಗನನ್ನು ಕೈಹಿಡಿದು ಶಾಲೆಗೆ ಮುಟ್ಟಿಸುವ ದಾಸನೊಬ್ಬನಿರುತ್ತಿದ್ದನು. ಅವನು ಗದರಿಸುವನು, ಕಾಯುವನು. ಆದರೆ ಅವನು ಗುರುವಲ್ಲ, ತಂದೆಯಂತೂ ಅಲ್ಲವೇ ಅಲ್ಲ. ದಶಾಜ್ಞೆಗಳ ಪೀಠಿಕೆಯನ್ನು ನೋಡಿದರೂ ಇದೇ ಕ್ರಮವು ಕಾಣುವದು. ಇಸ್ರಾಯೇಲ್ಯರು ಐಗುಪ್ತದ ದಾಸ್ಯದಿಂದ ಬಿಡುಗಡೆ ಹೊಂದಿದ್ದು ಮೊದಲು, ಸೀನಾಯಿ ಬೆಟ್ಟದಲ್ಲಿ ಆಜ್ಞೆಗಳು ದೊರೆತದ್ದು ಆಮೇಲೆ.

ಯುರೋಪಿನ ಪ್ರಶ್ನೋತ್ತರಿಗಳ ರಚನೆಯಲ್ಲಿಯೂ ಈ ವಿಚಾರವೇ ಅಡಗಿದೆ. ೧೫೨೯ರಲ್ಲಿ ಲೂಥರನು ರಚಿಸಿದ ಚಿಕ್ಕ ಪ್ರಶ್ನೋತ್ತರಿಯು ದಶಾಜ್ಞೆಗಳಿಂದ ಪ್ರಾರಂಭವಾಗುವದು. ತನ್ನ ದೋಷವನ್ನು ಅರಿತವನೇ ಕೃಪೆಯನ್ನು ಬೇಡುವನೆಂಬುದು ಅದರ ಆಶಯ. ೧೫೬೩ರ ಹೈಡೆಲ್‌ಬರ್ಗ್ ಪ್ರಶ್ನೋತ್ತರಿಯು ಅದೇ ಆಜ್ಞೆಗಳನ್ನು ಕಡೆಯದಾದ ಕೃತಜ್ಞತೆಯ ಭಾಗದಲ್ಲಿ ಇರಿಸಿದೆ. ಬಾಸೆಲ್ ಮಿಶನ್ನಿನ ಬಹುಜನ ಬೋಧಕರ ಜನ್ಮಭೂಮಿಯಾದ ವುರ್ಟೆಂಬರ್ಗ್ ಸೀಮೆಯಲ್ಲಿ ರೂಢವಾಗಿದ್ದ ಬ್ರೆಂಜನ ಪ್ರಶ್ನೋತ್ತರಿಯು ದೀಕ್ಷಾಸ್ನಾನದಿಂದ ಮೊದಲಾಗುವದು. ಮೊದಲು ನೀನು ದೇವರವನು, ತರುವಾಯ ಹೀಗೆ ನಡೆ ಎಂಬುದು ಇದರ ಸರಣಿ. ಆಜ್ಞೆಗಳು ಅವೇ, ಇಟ್ಟ ಸ್ಥಾನದಿಂದ ಅವುಗಳ ಅರ್ಥವು ಬದಲಾಗುವದು.

ಈ ಪ್ರಾಂತದವರಿಗೆ ಇದು ತೀರ ಅಪರಿಚಿತವಾದ ವಿಚಾರವಲ್ಲ. ಹುನಗುಂದ ತಾಲೂಕಿನ ಕೂಡಲಸಂಗಮದ ಪರಂಪರೆಯಲ್ಲಿ ಮಾಹೇಶ್ವರಸ್ಥಲದ ನಿಷ್ಠೆಯ ತರುವಾಯ ಪ್ರಸಾದಿಸ್ಥಲವು ಬರುವದಾದರೂ, ಆ ಮೆಟ್ಟಲುಗಳನ್ನು ಏರತಕ್ಕವನು ಗುರುಕರುಣೆಯಿಂದ ದೀಕ್ಷೆ ಹೊಂದಿದವನೇ. ತಾಯಿಯನ್ನು ತಾನೇ ಅಪ್ಪಿಕೊಳ್ಳುವ ಕೋತಿಯ ಮರಿಯಂತೆ ಭಕ್ತನಿರಬೇಕೋ, ತಾಯಿಯೇ ಕಚ್ಚಿ ಒಯ್ಯುವ ಬೆಕ್ಕಿನ ಮರಿಯಂತಿರಬೇಕೋ ಎಂದು ಶ್ರೀವೈಷ್ಣವರಲ್ಲಿಯೂ ವಾದವಾಯಿತು. ಮತಗಳು ಒಂದೇ ಎಂದು ಇದರಿಂದ ಸಿದ್ಧವಾಗದು. ಪ್ರಶ್ನೆಯು ಮಾತ್ರ ಸಮಾನವಾದದ್ದು.

ಇಷ್ಟಾದರೂ ಗ್ರಂಥದಲ್ಲಿ ಬಿಡಿಸಿದ ಗಂಟು ಬಾಳಿನಲ್ಲಿ ಹಾಗೆಯೇ ಉಳಿಯಬಹುದು. ಜಾತಿಯನ್ನು ತೊರೆದು ಸಭೆಯನ್ನು ಸೇರಿದವನಿಗೆ ಹಳೆಯ ಪಂಕ್ತಿಯು ಮುಚ್ಚಿಹೋಗಿರುತ್ತಿತ್ತು. ಬಂಧುಗಳ ಮನೆಯ ಬಾಗಿಲೂ ತೆರೆಯುವದು ದುರ್ಲಭವಾಗಿತ್ತು. ಅಂಥವನು ಒಂದು ತಪ್ಪಿಗಾಗಿ ಹೊಸ ಪಂಕ್ತಿಯಿಂದಲೂ ಏಳಬೇಕಾಗಿ ಬಂದರೆ, ಅವನ ಕಣ್ಣಿಗೆ ಅದು ಊರಿನ ಬಹಿಷ್ಕಾರದಂತೆಯೇ ಕಾಣದೆ ಇರಲಾರದು. ಎರಡಕ್ಕೂ ಭೇದವಿದ್ದರೆ ಅದು ಒಂದೇ ಸ್ಥಳದಲ್ಲಿ: ಪಶ್ಚಾತ್ತಾಪಪಟ್ಟು ಮರಳಿ ಬಂದವನಿಗೆ ದಂಡವನ್ನು ಕೇಳದೆ ಎಲೆ ಹಾಕಲಾಯಿತೋ ಇಲ್ಲವೋ ಎಂಬಲ್ಲಿ. ಶಿಕ್ಷೆಯು ಅವನನ್ನು ಮರಳಿ ಕರೆತರುವದಕ್ಕಾಗಿ ಇದ್ದಲ್ಲಿ ಅದು ಪೌಲನು ಹೇಳಿದ ಮೇಲ್ವಿಚಾರಕನ ಕೈ. ಹೊರಗೆ ನಿಲ್ಲಿಸುವದಕ್ಕಾಗಿಯೇ ಇದ್ದಲ್ಲಿ, ಕೃಪೆಯ ಹೆಸರಿನಲ್ಲಿ ಹಳೆಯ ಪ್ರಾಯಶ್ಚಿತ್ತಕಾಂಡವೇ ತಿರುಗಿ ಬಂದಂತಾಯಿತು. ಗುಳೇದಗುಡ್ಡದ ಸಭೆಗಷ್ಟೇ ಅಲ್ಲ, ನಿಯಮವನ್ನೂ ಕರುಣೆಯನ್ನೂ ಒಟ್ಟಿಗೆ ಹೇಳುವ ಎಲ್ಲ ಮಠ, ಮನೆ, ಸಮಾಜಗಳಿಗೂ ಈ ಪರೀಕ್ಷೆಯು ಸಲ್ಲತಕ್ಕದ್ದು.